ಶಿಬಿರದಿಂದ ಸರ್ಕಾರಿ ಕಚೇರಿಗೆ

ಮಗಳು ಕಾಲೇಜಿನ ಎನ್‌ಎಸ್‌ಎಸ್‌ ಸೇರುತ್ತೇನೆ ಎಂದರೆ, ‘ಅದರಿಂದೇನು ಬರುತ್ತೆ, ಓದ್ಕೋ’ ಎನ್ನುವ ಮನೆಗಳು ನಮ್ಮಲ್ಲಿ ಬಹಳ. ಬರುವುದು ಸಾಕಷ್ಟಿದೆ, ಕೇಳುಗರೇ.

1969, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ. ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಗೆ, ಅಂದರೆ ಎನ್‌ಎಸ್‌ಎಸ್‌ಗೆ ಚಾಲನೆ ಕೊಟ್ಟರು. ಸ್ವಯಂಸೇವಕರಿಗೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಜೊತೆಗೆ ಏಳು ದಿನಗಳ ವಿಶೇಷ ಶಿಬಿರ.

ಶಿಬಿರವೆಂದರೆ ಶ್ರಮದಾನ ಎಂದಷ್ಟೇ ನೆನಪಿಟ್ಟುಕೊಳ್ಳುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮನೆಮನೆ ಸಮೀಕ್ಷೆ. ಕಟ್ಟಿಸಿದ ಶೌಚಾಲಯದಲ್ಲಿ ಸೌದೆ ಏಕೆ ತುಂಬಿದೆ, ಪಡಿತರ ಚೀಟಿಯಲ್ಲಿ ಸೊಸೆಯ ಹೆಸರು ಏಕಿಲ್ಲ, ವಿಧವಾ ವೇತನ ಯಾವ ಮೇಜಿನ ಮೇಲೆ ನಿಂತಿದೆ? ಜಗಲಿಯಲ್ಲಿ ಕೂತು, ಅಜ್ಜಿಯ ಮಾತು ಮುಗಿಯುವವರೆಗೂ ಕಾದವರಿಗೆ ಮಾತ್ರ ಇವು ತಿಳಿಯುತ್ತವೆ. ಅವನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಮುಂದೆ ಎರಡು ಪುಟದಲ್ಲಿ ಇಡಲು ಕಲಿತ ಹುಡುಗಿ ಆಡಳಿತದ ಮೊದಲ ಪಾಠ ಕಲಿತಂತೆ.

ಈ ಪಾಠ ಮುಂದೆ ಸರ್ಕಾರಿ ಕಚೇರಿಯಲ್ಲಿ ಕೆಲಸ ಕಲಿಯಲು ಹೊರಟಾಗಲೂ ನೆರವಿಗೆ ಬರುತ್ತದೆ. ಕೇಂದ್ರ ಸರ್ಕಾರದ ನೀತಿ ಆಯೋಗ ವಿದ್ಯಾರ್ಥಿಗಳಿಗೆ ಆರು ವಾರಗಳಿಂದ ಆರು ತಿಂಗಳವರೆಗೆ ಇಂಟರ್ನ್‌ಶಿಪ್‌ ಕೊಡುತ್ತದೆ. ಅಲ್ಲಿ ಅಂಕಗಳೂ ಬೇಕು. ಎನ್‌ಎಸ್‌ಎಸ್‌ ಪ್ರಮಾಣಪತ್ರ ತಾನಾಗಿ ಬಾಗಿಲು ತೆರೆಯುವುದಿಲ್ಲ. ಆದರೆ ಗ್ರಾಮೀಣಾಭಿವೃದ್ಧಿಯಲ್ಲಿ ಆಸಕ್ತಿ ಏಕೆಂದು ಯಾರಾದರೂ ಕೇಳಿದರೆ, ಅವಳ ಬಳಿ ಹೇಳಲು ಒಂದು ಊರಿದೆ. ಆ ಇಂಟರ್ನ್‌ಶಿಪ್‌ಗೆ ಭತ್ಯೆಯಿಲ್ಲ ಎಂಬುದು ನನ್ನನ್ನು ನೋಯಿಸುತ್ತದೆ. ಆಯೋಗದ ಕಚೇರಿ ಇರುವ ದೆಹಲಿಯ ಬಾಡಿಗೆ ಕೂಲಿಕಾರರ ಮಕ್ಕಳಿಗೆ ಎಟುಕುವುದಿಲ್ಲ.

ಈ ವರ್ಷ ಶಿಬಿರಕ್ಕೆ ಹೊರಟವರು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಊರು, ಭೇಟಿಯಾದ ಮನೆಗಳು, ಕೇಳಿದ ತೊಂದರೆ, ಮಾಡಿದ ಕೆಲಸ, ಎಲ್ಲವನ್ನೂ ಅಂದಂದೇ ಬರೆದಿಡಿ. ಇಂಟರ್ನ್‌ಶಿಪ್‌ನ ಅರ್ಜಿ ತುಂಬುವ ದಿನ ಅದು ಕೈಯಲ್ಲಿರಲಿ.