ಕಡಲ ತಡಿಯ ಮನೆಗೆ ಹಿಮ ಯಾಕೆ?

ಇವತ್ತು ಮಂಗಳೂರು, ಉಡುಪಿ ಕಡೆ ಕಡಲಿಗೆ ಅಂಟಿಕೊಂಡಿರೋ ಪುಟ್ಟ ಹೆಂಚಿನ ಮನೆಗಳ ಕ್ರಿಸ್‌ಮಸ್ ಅಲಂಕಾರದ ಮಾತು. ರೀಲ್ಸ್ ನೋಡಿ ಕೆಲವರು ಥರ್ಮಾಕೋಲ್ ಪುಡಿ ಮಾಡಿ ಹಿಮ ಹರಡ್ತಾರೆ. ಅಲ್ಲಾ, ಡಿಸೆಂಬರ್‌ನಲ್ಲೂ ಬೆವರೋ ಊರಿಗೆ ಹಿಮ ಯಾಕೆ? ತಮಾಷೆ ಬಿಡಿ, ಮಧ್ಯಾಹ್ನ ಕಡಲಗಾಳಿ ಎದ್ದರೆ ಆ ಬಿಳಿ ಕಾಳುಗಳು ಹಾರಿ ಮರಳಿಗೆ, ಅಲ್ಲಿಂದ ನೀರಿಗೆ. ಕೊಳೆಯೋ ವಸ್ತುವಲ್ಲ ಅದು. ಮೀನು ಆಹಾರ ಅಂದ್ಕೊಂಡು ನುಂಗುತ್ತೆ.

ಇಲ್ಲಿನ ಹಳೇ ಉಪಾಯವೇ ಚೆಂದ. ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ರಾಗಿ ಅಥವಾ ಭತ್ತ ಮೊಳಕೆ ಬರಿಸಿ ಹಸಿರು ಗದ್ದೆ ಮಾಡ್ತಾರೆ. ಅಗಲದ ತಟ್ಟೆಯಲ್ಲಿ ಮಣ್ಣು ಹರಡಿ, ನೆನೆಸಿದ ರಾಗಿ ಚೆಲ್ಲಿ, ದಿನಾ ನೀರು ಚಿಮುಕಿಸಿ. ಡಿಸೆಂಬರ್ 14ಕ್ಕೆ ಶುರು ಮಾಡಿದ್ರೆ 24ರ ರಾತ್ರಿಗೆ ಗದ್ದೆ ರೆಡಿ. ಖರ್ಚು ಒಂದು ಹಿಡಿ ರಾಗಿ! ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಮಾಡಿದ ಗೋದಲಿಯಲ್ಲೂ ಇದ್ದದ್ದು ಹುಲ್ಲು, ಎತ್ತು, ಕತ್ತೆ.

ನಕ್ಷತ್ರಕ್ಕೆ ಬಿದಿರ ಕಡ್ಡಿ, ಬಣ್ಣದ ಕಾಗದ ಸಾಕು. ದೀಪಾವಳಿಗೆ ಗೂಡುದೀಪ ಕಟ್ಟಿದ ಕೈಗೆ ಇದೇನು ಕಷ್ಟವಲ್ಲ. ಗಾಳಿ ನೇರ ಹೊಡೆಯದ ಹಾಗೆ ಜಗಲಿ ಒಳಗೆ ತೂಗುಹಾಕಿ.

ಸೀರಿಯಲ್ ಲೈಟ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಉಪ್ಪುಗಾಳಿಗೆ ತಂತಿಯ ಜಾಯಿಂಟ್ ಕಿಲುಬು ಹಿಡಿಯುತ್ತೆ. ಹೋದ ವರ್ಷದ ಸರ ಹಾಗಾಗಿದ್ರೆ ಮತ್ತೆ ಪ್ಲಗ್ ಹಾಕಲೇಬೇಡಿ. ಹೊರಗೆ ಹಾಕೋದಾದ್ರೆ ಪೆಟ್ಟಿಗೆ ಮೇಲೆ ಐಪಿ44 ಅಥವಾ ಅದಕ್ಕಿಂತ ಮೇಲಿನ ಗುರುತು ಇದೆಯಾ ನೋಡಿ. ಮಲಗೋ ಮುಂಚೆ ಆರಿಸಿ.

ಜನವರಿ 6, ಮೂವರು ಜ್ಞಾನಿಗಳ ಹಬ್ಬದ ತನಕ ಗೋದಲಿ ಇಡೋರು ಗದ್ದೆಗೆ ನೀರು ಮರೀಬೇಡಿ. ಆಮೇಲೆ ಆ ಹುಲ್ಲು ಪಕ್ಕದ ಮನೆ ದನಕ್ಕೆ.