ಕಂಟೇನರ್ ಮನೆಗೂ ಒಬ್ಬ ಹಿರಿಯರು ಬೇಕು

ಸಿಕಂದರಾಬಾದಿನಿಂದ ದಿನಾ ಹೈಟೆಕ್ ಸಿಟಿಗೆ ಹೋಗುವ ನನ್ನನ್ನು ಅಕ್ಕಂದಿರು “ನಿನ್ನ ಕೆಲಸ ಏನಮ್ಮಾ?” ಎಂದು ಕೇಳುತ್ತಿರುತ್ತೀರಿ. ಒಂದು ರಾತ್ರಿಯ ಕಥೆ ಹೇಳುತ್ತೇನೆ.

ನಮ್ಮ ಸರ್ವರಿನಲ್ಲಿ ಮೆಮೊರಿ ಇದ್ದರೂ ಹೊಸ ಕೆಲಸ ಶುರುವಾಗುತ್ತಿರಲಿಲ್ಲ. ಹೊಸದಾಗಿ ಸೇರಿದ ಹುಡುಗಿಯದೇ ತಪ್ಪು ಎಂದರು. ನೋಡಿದರೆ ಸಾವಿರಾರು ಜಾಂಬಿ ಪ್ರಾಸೆಸ್‌ಗಳು!

ತೀರಿಕೊಂಡವರ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದಂತೆ ಇದು. ಕೆಲಸ ಮುಗಿಸಿದ ಪ್ರಾಸೆಸ್‌ನ ಹೆಸರನ್ನು ಅದರ ಪೇರೆಂಟ್ ಪ್ರಾಸೆಸ್ ತೆಗೆಸಬೇಕು. ಪೇರೆಂಟೇ ಮೊದಲು ಹೋದರೆ, ಅನಾಥವಾದದ್ದನ್ನು 1ನೇ ನಂಬರಿನ ಪ್ರಾಸೆಸ್ ದತ್ತು ತೆಗೆದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಆ ಹಿರಿತನ ‘ಇನಿಟ್’ನದು. ಕಂಟೇನರ್ ಎಂದರೆ ಪ್ರೋಗ್ರಾಮಿಗೆ ಕಟ್ಟಿಕೊಟ್ಟ ಪುಟ್ಟ ಮನೆ. ಅಲ್ಲಿ ನಮ್ಮ ಅಪ್ಲಿಕೇಶನ್ನೇ 1ನೇ ನಂಬರು. ಅದಕ್ಕೆ ಹಿರಿತನ ಗೊತ್ತಿರಲಿಲ್ಲ. ಹೆಸರುಗಳು ತುಂಬಿ, ಪ್ರಾಸೆಸ್‌ಗಳ ಮಿತಿಯೇ ಮುಗಿದಿತ್ತು. ಸತ್ತದ್ದನ್ನು ಮತ್ತೆ ಕೊಲ್ಲಲಾಗದು. ‘ಕಿಲ್’ ಆಜ್ಞೆಗೂ ಜಾಂಬಿ ಜಗ್ಗುವುದಿಲ್ಲ.

ರಾತ್ರಿ ಕಂಟೇನರ್ ರೀಸ್ಟಾರ್ಟ್ ಮಾಡಿದೆವು. ಬೆಳಿಗ್ಗೆ ಡಾಕರ್‌ನ ‘ಇನಿಟ್’ ಆಯ್ಕೆ ಸೇರಿಸಿದೆವು. 2017ರಲ್ಲಿ ಬಂದ 1.13 ಆವೃತ್ತಿಯಿಂದ ಅದು ಇದೆ. ‘ಟಿನಿ’ ಎಂಬ ಚಿಕ್ಕ ಪ್ರೋಗ್ರಾಮ್ 1ನೇ ಸ್ಥಾನದಲ್ಲಿ ಕೂತು, ಮುಗಿದವರ ಹೆಸರು ತೆಗೆಸುತ್ತಾ ಹೋಗುತ್ತದೆ.

ಆ ಹುಡುಗಿಯ ಕೋಡ್ ಸರಿಯಾಗಿಯೇ ಇತ್ತು. ಹಿರಿಯರ ಜಾಗ ಖಾಲಿ ಇತ್ತು. ಮೀಟಿಂಗಿನಲ್ಲಿ ಎಲ್ಲರೆದುರು ಹಾಗೆಂದೇ ಹೇಳಿದೆ. ಅದೂ ಹಿರಿಯರ ಕೆಲಸವೇ ಅಲ್ಲವೇ?