ಬಿಡುವಿನ ಕಂಪ್ಯೂಟರ್: ಎರವಲು ಕೊಡುವುದು, ಹಿಂಪಡೆಯುವುದು

(ಸಂಘದ ಪೋಷಕರ ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಂಪ್ಯೂಟರಿನ ವಿಷಯ ಹೇಳಲು ಉರ್ದು-ಕನ್ನಡ ಕಲಿಸುವವರನ್ನು ಏಕೆ ನಿಲ್ಲಿಸಿದರು ಎಂದು ಕೆಲವರಿಗೆ ಅನಿಸಿರಬಹುದು. ವಿಷಯದ ಅರ್ಧ ಭಾಗ ಯಂತ್ರದ್ದು, ಇನ್ನರ್ಧ ಎರಡು ಉರ್ದು ಪದಗಳದ್ದು. ಆ ಪದಗಳಿಗೆ ಆಮೇಲೆ ಬರುತ್ತೇನೆ.

ನಮ್ಮ ಮನೆಯ ಕಂಪ್ಯೂಟರ್ ಹೆಚ್ಚಿನ ಹೊತ್ತು ಏನೂ ಮಾಡುವುದಿಲ್ಲ. ನಾವು ಒಂದು ಅಕ್ಷರ ಒತ್ತಿ ಇನ್ನೊಂದು ಒತ್ತುವುದರೊಳಗೆ ಅದು ಕೋಟಿಗಟ್ಟಲೆ ಲೆಕ್ಕ ಮಾಡಬಲ್ಲದು. ಆದರೆ ಸುಮ್ಮನೆ ಕಾಯುತ್ತಿರುತ್ತದೆ. ಈ ಫುರ್ಸತ್ತಿನ ಹೊತ್ತನ್ನು ವಿಜ್ಞಾನಿಗಳಿಗೆ ಕೊಡಲು ಸಾಧ್ಯವೇ ಎಂಬ ಪ್ರಶ್ನೆಯಿಂದ ಹುಟ್ಟಿದ್ದು ಸ್ವಯಂಸೇವಾ ಗಣನೆ. ದೊಡ್ಡ ಲೆಕ್ಕವನ್ನು ಸಣ್ಣ ಸಣ್ಣ ತುಂಡು ಮಾಡಿ ಲೋಕದ ಮನೆಮನೆಯ ಕಂಪ್ಯೂಟರ್‌ಗಳಿಗೆ ಹಂಚುವ ವ್ಯವಸ್ಥೆ ಇದು.

ಬೀಡಿ ಕಟ್ಟುವ ಮನೆಗಳನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗುತ್ತಿಗೆದಾರ ಎಲೆ, ಹೊಗೆಸೊಪ್ಪು, ನೂಲು ತೂಗಿ ಕೊಡುತ್ತಾನೆ. ಮನೆಯ ಹೆಂಗಸರು ತಮ್ಮ ಬಿಡುವಿನಲ್ಲಿ ಕಟ್ಟಿ ಹೇಳಿದ ದಿನಕ್ಕೆ ಮರಳಿಸುತ್ತಾರೆ. ಅವನು ಎಣಿಸಿ, ಸರಿಯಿಲ್ಲದ್ದನ್ನು ತೆಗೆದುಹಾಕುತ್ತಾನೆ. (ಬೀಡಿಯ ಕೇಡು ಬೇರೆ ಮಾತು, ಅದಕ್ಕೆ ಇನ್ನೊಂದು ಭಾಷಣ ಬೇಕು.) ಇಲ್ಲಿಯೂ ಹಾಗೆಯೇ. ಕೇಂದ್ರದ ಸರ್ವರ್ ನಮ್ಮ ಕಂಪ್ಯೂಟರಿಗೆ ಒಂದು ತುಂಡು ಕೆಲಸ ಕಳುಹಿಸುತ್ತದೆ, ಜೊತೆಗೆ ಗಡುವನ್ನೂ ಹೇಳುತ್ತದೆ. ಬಹಳ ಕಡೆ ಅದೇ ತುಂಡನ್ನು ಇನ್ನೊಬ್ಬರ ಕಂಪ್ಯೂಟರಿಗೂ ಕಳುಹಿಸಿ ಎರಡೂ ಉತ್ತರ ತಾಳೆಯಾದರೆ ಮಾತ್ರ ಒಪ್ಪುತ್ತದೆ. ಕೂಲಿ ಇಲ್ಲ, ಹೆಸರಿನ ಮುಂದೆ ಅಂಕ ಬರುತ್ತದೆ ಅಷ್ಟೆ.

ಇವುಗಳಲ್ಲಿ ಲೋಕಪ್ರಸಿದ್ಧವಾದದ್ದು ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದವರು 1999ರ ಮೇ 17ರಂದು ಆರಂಭಿಸಿದ ಸೆಟಿ ಅಟ್ ಹೋಮ್. ಪೋರ್ಟೊರಿಕೊ ದ್ವೀಪದ ಅರೆಸಿಬೊದಲ್ಲಿ 305 ಮೀಟರ್ ಅಗಲದ ರೇಡಿಯೋ ದೂರದರ್ಶಕವಿತ್ತು. ಅದು ಆಕಾಶದಿಂದ ಹಿಡಿದ ರೇಡಿಯೋ ಸದ್ದನ್ನು ಟೇಪುಗಳಲ್ಲಿ ತುಂಬಿ ಬರ್ಕ್ಲಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಅಲ್ಲಿ ಅದನ್ನು ಸುಮಾರು 107 ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಹಂಚುತ್ತಿದ್ದರು. ಭೂಮಿಯ ಆಚೆ ಬುದ್ಧಿಯುಳ್ಳ ಜೀವಿಗಳಿದ್ದರೆ ಅವರ ಸಂಕೇತ ಈ ಸದ್ದಿನೊಳಗೆ ಇರಬಹುದೇ ಎಂದು ಮನೆಯ ಕಂಪ್ಯೂಟರ್‌ಗಳು ಹುಡುಕುತ್ತಿದ್ದವು. 50 ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಅಂಥ ಸಂಕೇತ ಸಿಕ್ಕಿತೆಂದು ಯಾರೂ ಸಾರಿಲ್ಲ. 2020ರ ಮಾರ್ಚ್ 31ರಂದು ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿದರು. ಅದೇ ವರ್ಷ ಡಿಸೆಂಬರ್ 1ರಂದು ಅರೆಸಿಬೊ ದೂರದರ್ಶಕವೇ ಕುಸಿದುಬಿತ್ತು.

ಹಾಗಾದರೆ ಎಲ್ಲ ವ್ಯರ್ಥವೇ? ಇಲ್ಲ. ಆ ಯೋಜನೆ ನಡೆಸಿದವರಲ್ಲಿ ಒಬ್ಬರಾದ ಡೇವಿಡ್ ಆ್ಯಂಡರ್ಸನ್ ಬಾಯಿಂಕ್ ಎಂಬ ತಂತ್ರಾಂಶ ಕಟ್ಟಿದರು. ಅದೊಂದನ್ನು ಹಾಕಿಕೊಂಡರೆ ಬೇರೆ ಬೇರೆ ವಿಶ್ವವಿದ್ಯಾಲಯಗಳ ಯೋಜನೆಗಳಲ್ಲಿ ನಮಗೆ ಬೇಕಾದದ್ದನ್ನು ಆರಿಸಬಹುದು. ಅದರಲ್ಲಿ ನಡೆಯುವ ಐನ್‌ಸ್ಟೈನ್ ಅಟ್ ಹೋಮ್ 2010ರಲ್ಲಿ ಒಂದು ಹೊಸ ಪಲ್ಸಾರ್ ನಕ್ಷತ್ರವನ್ನು ಪತ್ತೆಹಚ್ಚಿತು. ಅದು ಸಿಕ್ಕಿದ್ದು ಅಮೆರಿಕದ ಅಯೋವಾದ ದಂಪತಿ ಮತ್ತು ಜರ್ಮನಿಯ ಒಬ್ಬ ವ್ಯಕ್ತಿ ಎರವಲು ಕೊಟ್ಟಿದ್ದ ಕಂಪ್ಯೂಟರ್‌ಗಳಲ್ಲಿ. ಬಾಯಿಂಕ್‌ನಿಂದ ಪ್ರತ್ಯೇಕವಾದ ಫೋಲ್ಡಿಂಗ್ ಅಟ್ ಹೋಮ್ 2000ದಿಂದ ಇದೆ. ದೇಹದ ಪ್ರೋಟೀನುಗಳು ಹೇಗೆ ಮಡಚಿಕೊಳ್ಳುತ್ತವೆ, ಅಲುಗಾಡುತ್ತವೆ ಎಂದು ಅದು ಲೆಕ್ಕ ಹಾಕುತ್ತದೆ. 2020ರಲ್ಲಿ ಕೊರೋನಾದಿಂದ ಎಲ್ಲರೂ ಮನೆಯೊಳಗಿದ್ದಾಗ ಎಷ್ಟೊಂದು ಜನ ಅದಕ್ಕೆ ಸೇರಿದರೆಂದರೆ, ಅಂದಿನ ಯಾವುದೇ ಸೂಪರ್ ಕಂಪ್ಯೂಟರನ್ನು ಮೀರಿಸುವ ಶಕ್ತಿ ಅಲ್ಲಿ ಕೂಡಿಬಂತು. ವೈರಸ್ಸಿನ ಮುಳ್ಳಿನ ಪ್ರೋಟೀನು ತೆರೆದುಕೊಳ್ಳುವ ಬಗೆಯನ್ನು ಆ ಲೆಕ್ಕಗಳು ತೋರಿಸಿದವು. ಗಣಿತಪ್ರಿಯರಿಗೆ ಅವಿಭಾಜ್ಯ ಸಂಖ್ಯೆ ಹುಡುಕುವ ಗಿಂಪ್ಸ್ ಇದೆ. ಅಲ್ಲಿ 2024ರಲ್ಲಿ ಸಿಕ್ಕ ಸಂಖ್ಯೆಗೆ 4,10,24,320 ಅಂಕಿಗಳು!

ಈಗ ಉರ್ದು ಪದಗಳಿಗೆ ಬರೋಣ. ಈ ಕೊಡುಗೆಯನ್ನು ಕೆಲವರು ದಾನ ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ದಾನ ಕೊಟ್ಟರೆ ವಸ್ತು ನಮ್ಮದಾಗಿ ಉಳಿಯುವುದಿಲ್ಲ. ಇಲ್ಲಿ ಯಂತ್ರ ನಮ್ಮ ಮೇಜಿನ ಮೇಲೆಯೇ ಇದೆ, ಬಳಸಲು ಮಾತ್ರ ಬಿಟ್ಟಿದ್ದೇವೆ, ಬೇಕೆಂದಾಗ ಹಿಂಪಡೆಯುತ್ತೇವೆ. ಇದಕ್ಕೆ ಸರಿಯಾದ ಪದ ಆರಿಯತ್, ಅಂದರೆ ಪ್ರತಿಫಲವಿಲ್ಲದೆ ಬಳಕೆಗೆ ಕೊಟ್ಟ ಎರವಲು. ನೆರೆಮನೆಯವರಿಗೆ ಮದುವೆಗೆಂದು ದೇಗ್ಚಿ ಕೊಟ್ಟ ಹಾಗೆ. ಎರವಲು ಕೊಡುವವನು ಅದನ್ನು ಕೊಡುವ ಹಕ್ಕುಳ್ಳವನಾಗಿರಬೇಕು. ನನ್ನ ಬಳಿ ಯಾರೋ ನಂಬಿ ಇಟ್ಟುಹೋದ ವಸ್ತು ಅಮಾನತ್. ಅದನ್ನು ಎಷ್ಟೇ ಒಳ್ಳೆಯ ಕೆಲಸಕ್ಕಾದರೂ ಮೂರನೆಯವರಿಗೆ ಎರವಲು ಕೊಡಲು ನಾನು ಯಾರು?

ಈ ಮಾತಿಗೆ ಕಾರಣವಿದೆ. ಶಾಲೆಯ ಕಂಪ್ಯೂಟರ್ ಲ್ಯಾಬಿನ ಯಂತ್ರಗಳು ರಾತ್ರಿಯೆಲ್ಲ ಸುಮ್ಮನಿರುತ್ತವೆ, ಅವುಗಳಲ್ಲಿ ಈ ತಂತ್ರಾಂಶ ಹಾಕಿಬಿಡೋಣ ಎಂದು ನಮ್ಮಲ್ಲಿ ಕೆಲವು ಉತ್ಸಾಹಿಗಳು ಹೇಳುತ್ತಿದ್ದಾರೆ. ಉದ್ದೇಶ ಒಳ್ಳೆಯದೇ. ಆದರೂ ನಾನು ಒಪ್ಪುವುದಿಲ್ಲ. ಆ ಯಂತ್ರಗಳನ್ನು ದಾನಿಗಳು ಕೊಟ್ಟದ್ದು ಮಕ್ಕಳ ಕಲಿಕೆಗೆ. ವಿದ್ಯುತ್ ಬಿಲ್ಲು ಕಟ್ಟುವುದು ಸಂಘದ ಹಣದಿಂದ. ಸಮಿತಿ ಕುಳಿತು, ದಾನಿಗಳ ಅಭಿಪ್ರಾಯ ಕೇಳಿ, ಖರ್ಚಿನ ಲೆಕ್ಕ ನೋಡಿ ನಿರ್ಣಯ ಬರೆದರೆ ಬೇರೆ ಮಾತು. ಒಬ್ಬ ಶಿಕ್ಷಕ ತಾನೇ ತೀರ್ಮಾನಿಸುವುದು ತರವಲ್ಲ.

ಅಮೆರಿಕದ ಜಾರ್ಜಿಯ ರಾಜ್ಯದ ಡಿಕಾಲ್ಬ್ ತಾಂತ್ರಿಕ ಕಾಲೇಜಿನಲ್ಲಿ ಇದೇ ಆಯಿತು. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ನೌಕರನೊಬ್ಬ ಕಾಲೇಜಿನ ಯಂತ್ರಗಳಲ್ಲಿ ಇಂಥ ಒಂದು ತಂತ್ರಾಂಶ ಹಾಕಿದ. ಕಳ್ಳತನದ ಉದ್ದೇಶ ಇರಲಿಲ್ಲ. ಆದರೂ ಗಂಭೀರ ಅಪರಾಧದ ಮೊಕದ್ದಮೆ ಬಿತ್ತು. ಕೊನೆಗೆ 2002ರ ಜನವರಿಯಲ್ಲಿ ರಾಜಿಯಾಗಿ 2,100 ಡಾಲರ್ ಕಟ್ಟಿ, 80 ಗಂಟೆ ಸಮಾಜಸೇವೆ ಮಾಡುವುದಕ್ಕೆ ಒಪ್ಪಿ ಪಾರಾದ. ಶಿಕ್ಷೆ ಅತಿಯಾಯಿತೆಂದು ನನಗೂ ಅನಿಸುತ್ತದೆ. ಆದರೆ ಮುಂಚೆಯೇ ಒಂದು ಅರ್ಜಿ ಬರೆದು ಕೇಳಿದ್ದರೆ ಆ ಮನುಷ್ಯನ ಎರಡು ವರ್ಷದ ನಿದ್ದೆ ಉಳಿಯುತ್ತಿತ್ತು.

ಮನೆಯಲ್ಲಿಯೂ ಇದೇ ನಿಯಮ. ಮಗ ಉತ್ಸಾಹದಿಂದ ಹಾಕುತ್ತಾನೆ, ಬಿಲ್ಲು ಕಟ್ಟುವುದು ತಂದೆ. ಸುಮ್ಮನಿರುವ ಕಂಪ್ಯೂಟರಿಗಿಂತ ಲೆಕ್ಕ ಮಾಡುವ ಕಂಪ್ಯೂಟರ್ ಹೆಚ್ಚು ವಿದ್ಯುತ್ ತಿನ್ನುತ್ತದೆ. ಹೆಚ್ಚುವರಿ 60 ವ್ಯಾಟ್ ಎಂದಿಟ್ಟುಕೊಳ್ಳಿ. ಹಗಲುರಾತ್ರಿ ನಡೆದರೆ 30 ದಿನಕ್ಕೆ 43 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ ಹಿಡಿದರೂ 258 ರೂಪಾಯಿ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿರುವ ಮನೆಗಳು ಇನ್ನೂ ಎಚ್ಚರವಹಿಸಬೇಕು. ಅಲ್ಲಿ ಹಿಂದಿನ ಸರಾಸರಿ ಬಳಕೆಯ ಮೇಲೆ ಮಿತಿ ನಿಂತಿದೆ. ಆದ್ದರಿಂದ ಮಕ್ಕಳೇ, ಅಬ್ಬಾ ಅಮ್ಮಿಯನ್ನು ಕೇಳದೆ ಹಾಕಬೇಡಿ.

ಹಾಕುವುದು ಸುಲಭ. ಬಾಯಿಂಕ್ ಆಗಲಿ ಫೋಲ್ಡಿಂಗ್ ಆಗಲಿ, ಅವರವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಯೋಜನೆ ನಡೆಸುವ ಸಂಸ್ಥೆ ಯಾವುದೆಂದು ತಿಳಿಯದಿದ್ದರೆ ಸೇರಬೇಡಿ, ಏಕೆಂದರೆ ಇನ್ನೊಬ್ಬರು ಬರೆದ ಪ್ರೋಗ್ರಾಮನ್ನು ನಮ್ಮ ಮನೆಯೊಳಗೆ ಓಡಿಸುತ್ತಿದ್ದೇವೆ. ನಮ್ಮ ಅರಿವಿಗೆ ಬಾರದೆ ನುಸುಳಿ ಡಿಜಿಟಲ್ ನಾಣ್ಯ ಗಳಿಸುವ ಕಳ್ಳ ತಂತ್ರಾಂಶಗಳೂ ಇವೆ. ಅವು ತಮ್ಮನ್ನು ಬಚ್ಚಿಟ್ಟುಕೊಳ್ಳುತ್ತವೆ. ಇದು ಏನು ಮಾಡುತ್ತಿದೆ ಎಂದು ಪರದೆಯ ಮೇಲೆಯೇ ತೋರಿಸುತ್ತದೆ. ಬಾಯಿಂಕ್‌ನ 'ಆಪ್ಷನ್ಸ್' ಒಳಗೆ 'ಕಂಪ್ಯೂಟಿಂಗ್ ಪ್ರಿಫರೆನ್ಸಸ್' ಎಂದಿದೆ. ನಾವು ಕಂಪ್ಯೂಟರ್ ಬಳಸುವಾಗ ನಿಲ್ಲಬೇಕು, ಬ್ಯಾಟರಿಯಲ್ಲಿದ್ದಾಗ ನಿಲ್ಲಬೇಕು, ಇಷ್ಟೇ ಶಕ್ತಿ ಬಳಸಬೇಕು, ಇಂಥ ಗಂಟೆಯಲ್ಲಿ ಮಾತ್ರ ನಡೆಯಬೇಕು ಎಂದೆಲ್ಲ ಅಲ್ಲಿ ಹೇಳಬಹುದು. ಲ್ಯಾಪ್‌ಟಾಪ್ ಬೇಗ ಬಿಸಿಯಾಗುತ್ತದೆ, ಅದರಲ್ಲಿ ಬೇಡವೆಂದೇ ನನ್ನ ಸಲಹೆ.

ತೆಗೆಯುವಲ್ಲಿ ಜನ ತಡವರಿಸುತ್ತಾರೆ. ಕಿಟಕಿಯ ಮೂಲೆಯ ಗುಣಿಸು ಗುರುತನ್ನು ಒತ್ತಿದರೆ ಬಾಯಿಂಕ್ ನಿಲ್ಲುವುದಿಲ್ಲ, ಗಡಿಯಾರದ ಪಕ್ಕ ಅಡಗಿ ಕೂರುತ್ತದೆ. ಫ್ಯಾನು ತಿರುಗುತ್ತಲೇ ಇರುತ್ತದೆ. ವೈರಸ್ ಬಂತೆಂದು ಹೆದರಿ ಯಂತ್ರವನ್ನು ಅಂಗಡಿಗೆ ಒಯ್ದರೆ, ಪೂರ್ತಿ ಫಾರ್ಮ್ಯಾಟ್ ಮಾಡಿಕೊಡುತ್ತಾರೆ. ಮಗಳ ಟಿಪ್ಪಣಿಗಳು, ಮದುವೆಯ ಫೋಟೋಗಳು ಅದರೊಂದಿಗೇ ಹೋಗುತ್ತವೆ. ಅದರ ಅಗತ್ಯವೇ ಇಲ್ಲ.

ಮೊದಲು ಯೋಜನೆಯ ಹೆಸರನ್ನು ಆರಿಸಿ 'ನೋ ನ್ಯೂ ಟಾಸ್ಕ್ಸ್' ಒತ್ತಿ. ಹೊಸ ಎಲೆ-ಹೊಗೆಸೊಪ್ಪು ಬರುವುದು ನಿಂತಿತು. ಕೈಯಲ್ಲಿರುವ ಕೆಲಸ ಮುಗಿಯಲು ಬಿಡಿ, ಮುಗಿದ ಮೇಲೆ 'ಅಪ್‌ಡೇಟ್' ಒತ್ತಿದರೆ ಫಲಿತಾಂಶ ತಲುಪುತ್ತದೆ. ಕಾಯಲು ಆಗದಿದ್ದರೆ ಆ ಕೆಲಸವನ್ನು 'ಅಬಾರ್ಟ್' ಮಾಡಿ ಆಮೇಲೆ 'ಅಪ್‌ಡೇಟ್' ಒತ್ತಿ. ಹೇಳದೆ ಕೇಳದೆ ತಂತ್ರಾಂಶ ಕಿತ್ತುಹಾಕಿದರೆ ಆ ತುಂಡಿಗಾಗಿ ಸರ್ವರ್ ಗಡುವಿನವರೆಗೂ ಕಾಯುತ್ತದೆ. ಕೈಬಿಟ್ಟೆವೆಂದು ತಿಳಿಸಿದರೆ ಕೂಡಲೇ ಬೇರೆಯವರಿಗೆ ಕೊಡುತ್ತದೆ. ಆಮೇಲೆ 'ರಿಮೂವ್' ಒತ್ತಿ ಯೋಜನೆಯಿಂದ ಹೊರಬನ್ನಿ. ಫೋಲ್ಡಿಂಗ್‌ನಲ್ಲಿ ಇದಕ್ಕೆಲ್ಲ 'ಫಿನಿಶ್' ಎಂಬ ಒಂದೇ ಗುಂಡಿ: ಇದ್ದದ್ದನ್ನು ಮುಗಿಸಿ ನಿಲ್ಲುತ್ತದೆ.

ಬಳಿಕ 'ಫೈಲ್' ಪಟ್ಟಿಯಿಂದ 'ಎಕ್ಸಿಟ್' ಆಗಿ, ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಬೇರೆ ತಂತ್ರಾಂಶಗಳಂತೆಯೇ ಅನ್‌ಇನ್‌ಸ್ಟಾಲ್ ಮಾಡಿ. ಇಷ್ಟಕ್ಕೇ ಎಲ್ಲವೂ ಹೋಗುವುದಿಲ್ಲ. ಸಿ ಡ್ರೈವ್‌ನಲ್ಲಿ 'ಪ್ರೋಗ್ರಾಮ್‌ಡೇಟಾ' ಎಂಬ ಮರೆಯಾಗಿರುವ ಫೋಲ್ಡರ್ ಇದೆ. ಅದರೊಳಗೆ ಬಾಯಿಂಕ್ ಹೆಸರಿನ ಫೋಲ್ಡರ್ ಹಾಗೆಯೇ ಉಳಿದಿರುತ್ತದೆ. ಮತ್ತೆ ಹಾಕಿಕೊಳ್ಳುವ ಯೋಚನೆ ಇಲ್ಲದಿದ್ದರೆ ಅಳಿಸಿ. ಸ್ಕ್ರೀನ್‌ಸೇವರ್ ಬಾಯಿಂಕ್‌ನದೇ ಇದ್ದರೆ ಬದಲಿಸಿ. ಕೊನೆಗೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಪ್ರೊಸೆಸರಿನ ಬಳಕೆ ಇಳಿದಿದ್ದರೆ ಕೆಲಸವಾಯಿತು.

ಹಳೆಯ ಕಂಪ್ಯೂಟರನ್ನು ಸಂಬಂಧಿಕರಿಗೋ ಮದರಸಕ್ಕೋ ಕೊಡುವವರು ಆ ಉಳಿದ ಫೋಲ್ಡರನ್ನು ಮರೆಯಲೇಬಾರದು. ನಿಮ್ಮ ಖಾತೆಯ ಕೀಲಿ ಅದರ ಕಡತಗಳಲ್ಲಿಯೇ ಇರುತ್ತದೆ. ತಂತ್ರಾಂಶವನ್ನು ಹಾಗೆಯೇ ಬಿಟ್ಟು ಕೊಟ್ಟರೆ ಪಡೆದವರ ಮನೆಯ ಕರೆಂಟಿನಲ್ಲಿ ನಿಮ್ಮ ಹೆಸರಿಗೆ ಅಂಕ ಬೀಳುತ್ತಿರುತ್ತದೆ, ಅವರಿಗೆ ಗೊತ್ತೂ ಆಗುವುದಿಲ್ಲ. ಈ ಹಂತಗಳನ್ನು ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ತೋರಿಸುತ್ತೇನೆ. ಅದು ನನ್ನ ಸ್ವಂತದ್ದು, ಮನೆಯಿಂದ ತಂದದ್ದು. ಪ್ರಶ್ನೆಗಳಿದ್ದವರು ಅಲ್ಲಿಗೆ ಬನ್ನಿ.